ಕಾರ್ನಿಯಾ ಬಾಕ್ಸ್ ವಿಮಾನದಲ್ಲೇ ಉಳಿದುಹೋಯಿತು: ಪೈಲಟ್‌ಗೆ ಹೇಳಿದ್ದರೆ ಸಾಕಿತ್ತೇ?

ಪ್ರಶ್ನೆ: ಕರಾವಳಿಯ ಒಂದು ಕಣ್ಣಿನ ಬ್ಯಾಂಕಿನಲ್ಲಿ ಅಂಗಾಂಶ ರವಾನೆಯ ಕೆಲಸ ನನ್ನದು. ಇತ್ತೀಚೆಗೆ ಎರಡು ಕಾರ್ನಿಯಾಗಳಿದ್ದ 4 ಕೆ.ಜಿ. ತೂಕದ ಬಾಕ್ಸನ್ನು ಮಂಗಳೂರಿನಿಂದ ಬೆಂಗಳೂರು ಮಾರ್ಗವಾಗಿ ಗುವಾಹಟಿಗೆ ಏರ್ ಕಾರ್ಗೊದಲ್ಲಿ ಕಳಿಸಿದೆವು. ಮೇಲೆ ದೊಡ್ಡದಾಗಿ ‘ಅರ್ಜೆಂಟ್, ಲೈಫ್ ಸೇವಿಂಗ್’ ಎಂದು ಅಂಟಿಸಿದ್ದೆವು. ಬೆಂಗಳೂರಿನಲ್ಲಿ ಇಳಿಸಬೇಕಿದ್ದ ಬಾಕ್ಸ್ ಅದೇ ವಿಮಾನದಲ್ಲಿ ಜೈಪುರಕ್ಕೆ ಹೋಯಿತು. ಗುವಾಹಟಿ ಮುಟ್ಟಿದ್ದು ಮರುದಿನ ಸಂಜೆ, ಒಳಗಿನ ಲಾಗರ್ (ತಾಪಮಾನ ದಾಖಲಿಸುವ ಸಾಧನ) 2ರಿಂದ 8 ಡಿಗ್ರಿ ಇರಬೇಕಿದ್ದಲ್ಲಿ 11 ಡಿಗ್ರಿ ತೋರಿಸುತ್ತಿತ್ತು, ಎರಡು ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ‘ಪೈಲಟ್‌ಗೆ ಗ್ರೌಂಡ್ ಸ್ಟಾಫ್ ಹೇಳಿಯೇ ಇರಲಿಲ್ಲ’ ಎಂದು ವಿಮಾನ ಸಂಸ್ಥೆಯವರು ಹೇಳಿದರು. ‘ನಮಗೆ ಬಂದ ಪೇಪರಿನಲ್ಲಿ ಆ ಬಾಕ್ಸೇ ಇರಲಿಲ್ಲ’ ಎಂದು ಬೆಂಗಳೂರಿನ ಗ್ರೌಂಡ್ ಏಜೆನ್ಸಿಯವರು ಹೇಳಿದರು. ಯಾರನ್ನು ನಂಬುವುದು? ಮುಂದಿನ ಸಲ ಕ್ಯಾಪ್ಟನ್‌ಗೆ ತಿಳಿಸಲೇಬೇಕು ಎಂದು ಪಟ್ಟು ಹಿಡಿಯಬೇಕೇ? ಡ್ರೈ ಐಸ್ (ಗಟ್ಟಿಯಾಗಿಸಿದ ಇಂಗಾಲದ ಡೈಆಕ್ಸೈಡ್) ಹಾಕಿದರೆ ಕ್ಯಾಪ್ಟನ್‌ಗೆ ಕಡ್ಡಾಯವಾಗಿ ಮಾಹಿತಿ ಹೋಗುತ್ತದೆ, ಹಾಗೆ ಮಾಡಿ ಎಂದು ಒಬ್ಬರು ಸಲಹೆ ಕೊಟ್ಟರು. ಅಥವಾ ನಮ್ಮವರೇ ಒಬ್ಬರು ಕೈಯಲ್ಲಿ ಹಿಡಿದು ಹೋಗುವುದೇ ಮೇಲೇ?

ಉತ್ತರ: ಇಬ್ಬರ ಮಾತೂ ನಿಜವಿರಬಹುದು. ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಅನ್ನಿಸಿದ್ದೇ ಅದು. ಪೈಲಟ್‌ಗೆ ಗೊತ್ತಿರಲಿಲ್ಲ, ಬೆಂಗಳೂರಿನ ಇಳಿಸುವ ತಂಡಕ್ಕೂ ಗೊತ್ತಿರಲಿಲ್ಲ. ಮಂಗಳೂರಿನಲ್ಲಿ ಬಾಕ್ಸನ್ನು ಕೈಯಾರೆ ಒಳಗಿಟ್ಟವರಿಗೆ ಮಾತ್ರ ಗೊತ್ತಿತ್ತು, ಅವರ ತಿಳಿವಳಿಕೆ ಅಲ್ಲೇ ನಿಂತಿತು. ಕಾರ್ಗೊ ವಿಚಾರದಲ್ಲಿ ವಿಮಾನದ ಸಿಬ್ಬಂದಿ ಮತ್ತು ನೆಲದ ಸಿಬ್ಬಂದಿಯ ನಡುವೆ ಆಗುವ ಎಡವಟ್ಟುಗಳಲ್ಲಿ ಬಹುಪಾಲು ಈ ಬಗೆಯವು. ಯಾರೂ ಸುಳ್ಳು ಹೇಳಿರುವುದಿಲ್ಲ. ಒಂದು ಕಾಗದದಿಂದ ಇನ್ನೊಂದಕ್ಕೆ, ಒಂದು ಪರದೆಯಿಂದ ಇನ್ನೊಂದಕ್ಕೆ ದಾಟುವಾಗ ಮಾಹಿತಿ ಕಳಚಿಹೋಗಿರುತ್ತದೆ.

ಕ್ಯಾಪ್ಟನ್‌ಗೆ ತಿಳಿಸುವ ವಿಷಯದಲ್ಲೇ ಹೆಚ್ಚು ತಪ್ಪು ಕಲ್ಪನೆ ಇರುವುದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಹೊರಡುವ ಮುನ್ನ ಕ್ಯಾಪ್ಟನ್ ಸಹಿ ಹಾಕುವ ಒಂದು ದಾಖಲೆ ಇದೆ. ಪೂರ್ಣ ಹೆಸರು ನೋಟಿಫಿಕೇಶನ್ ಟು ಕ್ಯಾಪ್ಟನ್, ಆಡುಮಾತಿನಲ್ಲಿ ‘ನೋಟಾಕ್’. ಇದು ಹುಟ್ಟಿದ್ದು ಅಪಾಯಕಾರಿ ಸರಕಿಗಾಗಿ. ಸರಕಿನ ಯುಎನ್ ಸಂಖ್ಯೆ (ಅಪಾಯಕಾರಿ ಸರಕಿಗೆ ವಿಶ್ವಸಂಸ್ಥೆಯ ಪಟ್ಟಿಯಲ್ಲಿರುವ ಗುರುತಿನ ಸಂಖ್ಯೆ), ಹೆಸರು, ಅಪಾಯದ ವರ್ಗ, ಪ್ಯಾಕೇಜುಗಳ ಸಂಖ್ಯೆ, ಪ್ರಮಾಣ, ಹೋಲ್ಡಿನ (ವಿಮಾನದ ಹೊಟ್ಟೆಯಲ್ಲಿರುವ ಸರಕು ಕೋಣೆಯ) ಯಾವ ಭಾಗದಲ್ಲಿದೆ, ಎಲ್ಲಿ ಇಳಿಸಬೇಕು, ಸೋರಿಕೆ ಇಲ್ಲ ಎಂಬ ದೃಢೀಕರಣ, ಇಷ್ಟೂ ಅದರಲ್ಲಿರಬೇಕು. ಆಕಾಶದಲ್ಲಿ ಹೊಗೆ ಕಾಣಿಸಿಕೊಂಡರೆ ಒಳಗೆ ಏನಿದೆ ಎಂದು ಕ್ಯಾಪ್ಟನ್‌ಗೆ ಗೊತ್ತಿರಬೇಕು, ಎಟಿಸಿ (ವಾಯು ಸಂಚಾರ ನಿಯಂತ್ರಣ) ಮೂಲಕ ಅಗ್ನಿಶಾಮಕ ದಳಕ್ಕೂ ತಿಳಿಸಬೇಕು. ಅದರ ಉದ್ದೇಶ ಇಷ್ಟೇ. 2010ರ ಸೆಪ್ಟೆಂಬರ್ 3ರಂದು ದುಬೈನಲ್ಲಿ ಯುಪಿಎಸ್ ಸಂಸ್ಥೆಯ ಬೋಯಿಂಗ್ 747 ಸರಕು ವಿಮಾನ ಬೆಂಕಿ ಹೊತ್ತಿ ಪತನಗೊಂಡು ಇಬ್ಬರು ಪೈಲಟ್‌ಗಳು ತೀರಿಕೊಂಡರು. ಅಪಾಯಕಾರಿ ಸರಕು ಎಂದು ಘೋಷಿಸಬೇಕಿದ್ದ ಲಿಥಿಯಂ ಬ್ಯಾಟರಿಗಳು ಘೋಷಣೆಯಿಲ್ಲದೆ ಅದರಲ್ಲಿದ್ದವು ಎಂದು ತನಿಖೆಯಲ್ಲಿ ಗೊತ್ತಾಯಿತು. ಕಳಿಸಿದವರು ಬರೆಯದಿದ್ದುದು ಮುಂದೆ ಯಾವ ಕಾಗದದಲ್ಲೂ ಬರುವುದಿಲ್ಲ, ಕ್ಯಾಪ್ಟನ್‌ಗೆ ತಿಳಿಯುವ ದಾರಿಯೇ ಇರುವುದಿಲ್ಲ.

ಇನ್ನು ನಿಮ್ಮ ಕಾರ್ನಿಯಾ. ಸೋಂಕಿದೆ ಎಂದು ಗೊತ್ತಿದ್ದರೆ ಅಥವಾ ಸಂಶಯಿಸಲು ಕಾರಣವಿದ್ದರೆ ಮಾತ್ರ ಬೇರೆ ಮಾತು. ಇಲ್ಲವಾದರೆ ಕಸಿಗಾಗಿ ಹೋಗುವ ಅಂಗಾಂಶ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ಅಪಾಯಕಾರಿ ಸರಕೇ ಅಲ್ಲ. ಬಾಕ್ಸನ್ನು ತಂಪಾಗಿಡುವ ಜೆಲ್ ಪ್ಯಾಕಿಗೂ ಅದೇ ಮಾತು. ಹಾಗಾಗಿ ನಿಮ್ಮ ಬಾಕ್ಸ್ ನೋಟಾಕ್‌ನ ಮುಖ್ಯ ಪಟ್ಟಿಯಲ್ಲಿ ಬರಬೇಕೆಂಬ ಕಡ್ಡಾಯ ಇಲ್ಲ. ರೋಗಪರೀಕ್ಷೆಯ ಮಾದರಿಗಳು ಹೋಗುವ ಯುಎನ್ 3373 ಪ್ಯಾಕೇಜುಗಳ ಹೆಸರೂ ಅಲ್ಲಿ ಇರಬೇಕಿಲ್ಲ. ಆದರೆ ನೋಟಾಕ್ ನಮೂನೆಯ ಕೆಳಗೆ ‘ಇತರ ವಿಶೇಷ ಲೋಡ್’ ಎಂಬ ಇನ್ನೊಂದು ಭಾಗವಿರುತ್ತದೆ. ಜೀವಂತ ಪ್ರಾಣಿ, ಬೇಗ ಕೆಡುವ ಸರಕು, ಮೃತದೇಹ, ಕಸಿಗೆ ಹೋಗುವ ಅಂಗಾಂಶ ಇವನ್ನೆಲ್ಲ ಬರೆಯುವುದು ಅಲ್ಲಿ. ಅಲ್ಲಿಗೆ ಬರಬೇಕಾದರೂ ಬುಕಿಂಗಿನಲ್ಲಿ ಸರಿಯಾದ ಕೋಡ್ ಬಿದ್ದಿರಬೇಕು. ಅದಕ್ಕೆ ಮುಂದೆ ಬರುತ್ತೇನೆ.

ಸರಿ, ಕ್ಯಾಪ್ಟನ್‌ಗೆ ಗೊತ್ತಾಯಿತು ಎಂದೇ ಇಟ್ಟುಕೊಳ್ಳಿ. ಅವರು ಮಾಡಬಹುದಾದದ್ದು ಏನು? ಹಾರಾಟದಲ್ಲಿ ಕೆಳಗಿನ ಹೋಲ್ಡಿಗೆ ಹೋಗಲು ದಾರಿಯಿಲ್ಲ. ಇಳಿದ ಮೇಲೆ ಬಾಗಿಲು ತೆರೆದು ಸಾಮಾನು ಇಳಿಸುವವರು ಬೇರೆ ಸಂಸ್ಥೆಯ ನೌಕರರು, ಅಷ್ಟು ಹೊತ್ತಿಗೆ ಪೈಲಟ್‌ಗಳು ಮುಂದಿನ ಹಾರಾಟದ ಇಂಧನ, ಹವಾಮಾನ, ತೂಕದ ಲೆಕ್ಕದಲ್ಲಿರುತ್ತಾರೆ. ಬೆಂಗಳೂರಿನಂಥ ನಿಲ್ದಾಣದಲ್ಲಿ ಸಿಬ್ಬಂದಿಯೇ ಬದಲಾಗುವುದೂ ಉಂಟು, ಮಂಗಳೂರಿನಲ್ಲಿ ಸಹಿ ಹಾಕಿದ ಕ್ಯಾಪ್ಟನ್ ಜೈಪುರಕ್ಕೆ ಹೋಗುವವರೇ ಆಗಬೇಕಿಲ್ಲ. ಹಾಗೆಂದು ಕ್ಯಾಪ್ಟನ್‌ಗೆ ತಿಳಿಸಿ ಪ್ರಯೋಜನವಿಲ್ಲ ಎಂದಲ್ಲ. ಇಳಿಯುವ ಮೊದಲು ಸಿಬ್ಬಂದಿ ತಮ್ಮ ಕಂಪನಿಯ ಸ್ಟೇಷನ್ನಿಗೆ ರೇಡಿಯೊ ಅಥವಾ ಡೇಟಾಲಿಂಕ್ ಮೂಲಕ ಸಂದೇಶ ಕೊಡುವ ಪದ್ಧತಿ ಇದೆ. ವೀಲ್‌ಚೇರ್ ಬೇಕು, ವೈದ್ಯರು ಬೇಕು ಎಂದು ಹೇಳುವುದು ಆಗಲೇ. ‘5ನೇ ಕಂಪಾರ್ಟ್‌ಮೆಂಟಿನಲ್ಲಿ ಕಸಿ ಅಂಗಾಂಶ ಇದೆ, ಟ್ರಾನ್ಸ್‌ಫರ್’ ಎಂಬ ಒಂದು ಸಾಲು ಆ ಸಂದೇಶದಲ್ಲಿ ಸೇರಿದರೆ ಬೇರೆ ದಾರಿಗಳು ಕೈಕೊಟ್ಟಾಗ ಬಾಕ್ಸನ್ನು ಉಳಿಸಬಹುದು. ಇದು ಎರಡನೇ ಆಸರೆ, ಮೊದಲನೆಯದಲ್ಲ.

ಅಮೆರಿಕದಲ್ಲಿ 2018ರ ಡಿಸೆಂಬರ್ 9ರಂದು ನಡೆದದ್ದು ನಿಮ್ಮ ಪ್ರಕರಣಕ್ಕೆ ಬಲು ಹತ್ತಿರ. ಕ್ಯಾಲಿಫೋರ್ನಿಯಾದಿಂದ ಸಿಯಾಟಲ್‌ಗೆ ಬಂದ ಸೌತ್‌ವೆಸ್ಟ್ ವಿಮಾನದಲ್ಲಿ ಒಂದು ಮಾನವ ಹೃದಯ ಇತ್ತು. ಅದು ಇಡೀ ಹೃದಯದ ಕಸಿಗೆ ಹೊರಟದ್ದಲ್ಲ, ಅದರ ಕವಾಟಗಳನ್ನು ಮುಂದಿನ ಬಳಕೆಗೆ ತೆಗೆದಿರಿಸಬೇಕಿತ್ತು. ಸಿಯಾಟಲ್‌ನಲ್ಲಿ ಅದನ್ನು ಇಳಿಸಲೇ ಇಲ್ಲ. ಅದೇ ವಿಮಾನ ಡಲ್ಲಾಸ್‌ಗೆ ಹೊರಟು ಐಡಾಹೊ ರಾಜ್ಯದ ಮೇಲೆ ಹಾರುತ್ತಿದ್ದಾಗ ಸಿಬ್ಬಂದಿಗೆ ಸುದ್ದಿ ಬಂತು. ಕ್ಯಾಪ್ಟನ್ ಪ್ರಯಾಣಿಕರಿಗೆ ವಿಷಯ ತಿಳಿಸಿ ಸಿಯಾಟಲ್‌ಗೆ ವಾಪಸಾದರು. ಕ್ಯಾಪ್ಟನ್‌ಗೆ ಗೊತ್ತಾದದ್ದರಿಂದ ವಿಮಾನ ತಿರುಗಿತು ನಿಜ. ಆದರೆ ಇಳಿಸಬೇಕಿದ್ದ ಹೊತ್ತಿನಲ್ಲಿ, ಹೋಲ್ಡಿನ ಬಾಗಿಲ ಬಳಿ ಇದ್ದವರಿಗೆ ಅದು ಗೊತ್ತಾಗಲಿಲ್ಲ. ಪ್ರತಿ ಸಲವೂ ವಿಮಾನ ತಿರುಗೀತು ಎಂದು ನಂಬಿ ಕೂರುವಂತಿಲ್ಲ. ಇಂಧನ, ಇಳಿಯುವ ತೂಕದ ಮಿತಿ, ಸಿಬ್ಬಂದಿಯ ಕೆಲಸದ ಅವಧಿ ಎಲ್ಲವೂ ಅಡ್ಡ ಬರುತ್ತವೆ. ಕಾರ್ನಿಯಾಕ್ಕೆ ದಿನಗಳ ಅವಕಾಶ ಇರುವಾಗ ಯಾರೂ ವಿಮಾನ ತಿರುಗಿಸುವುದೂ ಇಲ್ಲ.

ಹಾಗಾದರೆ ಬಾಕ್ಸ್ ಎಲ್ಲಿ ಕಣ್ಮರೆಯಾಯಿತು? ದಾರಿಯನ್ನು ಬಿಡಿಸಿ ನೋಡಿ.

ನಿಮ್ಮ ಏಜೆಂಟ್ ಬುಕಿಂಗ್ ಮಾಡಿ ಏರ್‌ವೇ ಬಿಲ್ (ಸರಕು ರವಾನೆಯ ಪತ್ರ) ತಯಾರಿಸುತ್ತಾರೆ. ಅದರ ಸಂಖ್ಯೆಯಲ್ಲಿ 11 ಅಂಕಿಗಳು, ಮೊದಲ ಮೂರು ವಿಮಾನ ಸಂಸ್ಥೆಯವು. ಅದರ ಮಾಹಿತಿ ಎಲೆಕ್ಟ್ರಾನಿಕ್ ಸಂದೇಶವಾಗಿ ಸಂಸ್ಥೆಯ ಕಾರ್ಗೊ ವ್ಯವಸ್ಥೆಗೆ ಹೋಗುತ್ತದೆ. ಕಾರ್ಗೊ ಟರ್ಮಿನಲ್ಲಿನಲ್ಲಿ ಬಾಕ್ಸನ್ನು ತೂಗಿ, ಸ್ಕ್ರೀನ್ ಮಾಡಿ ಸ್ವೀಕರಿಸುತ್ತಾರೆ. ಆಮೇಲೆ ಆ ಹಾರಾಟದ ಮ್ಯಾನಿಫೆಸ್ಟಿಗೆ (ಸರಕಿನ ಪಟ್ಟಿಗೆ) ಸೇರಿಸುತ್ತಾರೆ. ಇಲ್ಲಿಯವರೆಗೆ ಎಲ್ಲ ಕಾರ್ಗೊ ವಿಭಾಗದ ಕಣ್ಣಳತೆಯಲ್ಲೇ ಇರುತ್ತದೆ. ಇಲ್ಲಿಂದ ಮುಂದೆ ಕೈ ಬದಲಾಗುತ್ತದೆ. ವಿಮಾನದ ತೂಕ ಮತ್ತು ಸಮತೋಲನ ನೋಡುವ ಲೋಡ್ ಕಂಟ್ರೋಲರ್, ಯಾವ ಕಂಪಾರ್ಟ್‌ಮೆಂಟಿನಲ್ಲಿ ಏನು ತುಂಬಬೇಕು ಎಂಬ ಲೋಡಿಂಗ್ ಇನ್‌ಸ್ಟ್ರಕ್ಷನ್ ಬರೆಯುತ್ತಾರೆ. ಇವರು ಕೂರುವುದು ಬಹಳ ಸಲ ಆ ಊರಿನಲ್ಲೇ ಅಲ್ಲ, ಬೇರೆ ನಗರದ ಕೇಂದ್ರೀಕೃತ ಕಚೇರಿಯಲ್ಲಿ. ರ‍್ಯಾಂಪಿನಲ್ಲಿರುವ (ವಿಮಾನ ನಿಲ್ಲುವ ಜಾಗದ) ಲೋಡಿಂಗ್ ಮೇಲ್ವಿಚಾರಕರು ಅದರಂತೆ ತುಂಬಿಸಿ, ನಿಜವಾಗಿ ಹೇಗೆ ತುಂಬಲಾಯಿತೋ ಹಾಗೆ ಸಹಿ ಹಾಕಿ ಹಿಂದಿರುಗಿಸಬೇಕು. ಅದರ ಆಧಾರದ ಮೇಲೆ ತೂಕದ ಲೆಕ್ಕವಿರುವ ಲೋಡ್‌ಶೀಟ್ ಕ್ಯಾಪ್ಟನ್‌ಗೆ ಹೋಗುತ್ತದೆ. ವಿಮಾನ ಹಾರಿದ ಮೇಲೆ ಮುಂದಿನ ನಿಲ್ದಾಣಕ್ಕೆ ಲೋಡ್ ಮೆಸೇಜ್ ಹೋಗುತ್ತದೆ, ಇದನ್ನು ‘ಎಲ್‌ಡಿಎಂ’ ಅನ್ನುತ್ತಾರೆ. ಬೆಂಗಳೂರಿನ ಇಳಿಸುವ ತಂಡ ಕೆಲಸ ಮಾಡುವುದು ಇದನ್ನು ನೋಡಿ. ಕಾರ್ಗೊ ಮ್ಯಾನಿಫೆಸ್ಟ್ ಅವರ ಕೈಯಲ್ಲಿ ಇರುವುದೇ ಇಲ್ಲ, ಅದು ಕಾರ್ಗೊ ಟರ್ಮಿನಲ್ಲಿನವರ ಬಳಿ ಇರುತ್ತದೆ.

ಎಡವುವುದು ಈ ಕೊನೆಯ ತುಂಡಿನಲ್ಲಿ. ಎ320 ಮಾದರಿಯ ವಿಮಾನದಲ್ಲಿ ಮುಂದಿನ ಹೋಲ್ಡ್ 1ನೇ ಕಂಪಾರ್ಟ್‌ಮೆಂಟ್, ಹಿಂದಿನದು 3 ಮತ್ತು 4, ಅದರ ಹಿಂದೆ ಬಾಲದ ಕಡೆಗೆ ಬಲ್ಕ್ ಎನ್ನುವ 5ನೇ ಕಂಪಾರ್ಟ್‌ಮೆಂಟ್. ಹಲವು ವಿಮಾನಗಳಲ್ಲಿ 5ಕ್ಕೆ ಪ್ರತ್ಯೇಕ ಸಣ್ಣ ಬಾಗಿಲೂ ಇರುತ್ತದೆ. ಕೊನೆಗಳಿಗೆಯಲ್ಲಿ ಬಂದ ಸಣ್ಣ ಸಾಮಾನು, ಸೂಟ್‌ಕೇಸುಗಳ ಕೆಳಗೆ ಸಿಕ್ಕಿ ಜಜ್ಜಿಹೋಗಬಾರದ ನಾಜೂಕು ಸಾಮಾನು ಹೋಗುವುದು ಅಲ್ಲಿಗೇ. ಒಳ್ಳೆಯ ಉದ್ದೇಶದಿಂದಲೇ ಅಲ್ಲಿಡುತ್ತಾರೆ. ಆದರೆ ಮೂಲ ಯೋಜನೆಯಲ್ಲಿ 5 ಖಾಲಿ ಎಂದು ಇದ್ದು, ಕೊನೆಯಲ್ಲಿ ಮಾಡಿದ ಬದಲಾವಣೆಯನ್ನು ರ‍್ಯಾಂಪಿನವರು ವಾಕಿಟಾಕಿಯಲ್ಲಿ ಹೇಳಿ, ಲೋಡ್ ಕಂಟ್ರೋಲರ್ ಅದನ್ನು ದಾಖಲಿಸದೆ ಹೋದರೆ ಎಲ್‌ಡಿಎಂನಲ್ಲಿ 5ರ ಎದುರು ಏನೂ ಇರುವುದಿಲ್ಲ. 4 ಕೆ.ಜಿ. ವಿಮಾನದ ಸಮತೋಲನಕ್ಕೆ ಲೆಕ್ಕಕ್ಕೇ ಬಾರದ ತೂಕ, ಹಾಗಾಗಿ ಆ ಲೋಪ ಯಾರನ್ನೂ ಎಚ್ಚರಿಸುವುದಿಲ್ಲ. ಬೆಂಗಳೂರಿನವರು 1, 3, 4 ಖಾಲಿ ಮಾಡುತ್ತಾರೆ, 5ರ ಬಾಗಿಲು ತೆರೆಯುವುದೇ ಇಲ್ಲ. ಅಥವಾ ತೆರೆದರೂ ಬಾಗಿಲಿಂದ ಇಣುಕಿದಾಗ ನೆಟ್ಟಿನ ಮರೆಯಲ್ಲಿ, ಮೂಲೆಯ ಕತ್ತಲಲ್ಲಿ ಇರುವ ಬಿಳಿ ಬಾಕ್ಸ್ ಕಾಣುವುದಿಲ್ಲ. ಟಾರ್ಚ್ ಹಿಡಿದು ಒಳಗೆ ತೆವಳಿ ಹೋಗಿ ಹೋಲ್ಡ್ ಖಾಲಿಯಾಗಿದೆ ಎಂದು ನೋಡಬೇಕೆಂಬುದು ನಿಯಮ. ಅರ್ಧ ಗಂಟೆಯಲ್ಲಿ ಇಳಿಸಿ, ತುಂಬಿಸಿ, ವಿಮಾನ ಹಿಂದಕ್ಕೆ ತಳ್ಳಬೇಕಾದಾಗ ಮೊದಲು ಬಿಟ್ಟುಹೋಗುವ ಕೆಲಸವೂ ಅದೇ.

ನಿಮ್ಮಲ್ಲಿ ಹೀಗೇ ಆಯಿತು ಎಂದು ನಾನು ಇಲ್ಲಿ ಕೂತು ಹೇಳಲಾರೆ. ಆದರೆ ‘ನಮ್ಮ ಪೇಪರಿನಲ್ಲಿ ಆ ಬಾಕ್ಸೇ ಇರಲಿಲ್ಲ’ ಎಂಬ ಮಾತು ಇದಕ್ಕೆ ಸರಿಯಾಗಿ ಹೊಂದುತ್ತದೆ.

ಇದೇ ಜಾತಿಯ ಇನ್ನೊಂದು ಕಾರಣ ವಿಮಾನದ ಬದಲಾವಣೆ. ಎ320 ಬರಬೇಕಿದ್ದಲ್ಲಿ ಸಣ್ಣ ವಿಮಾನವಾದ ಎಟಿಆರ್ ಬಂದರೆ ಕಂಪಾರ್ಟ್‌ಮೆಂಟುಗಳ ಜೋಡಣೆಯೇ ಬೇರೆ, ಹಳೆಯ ಯೋಜನೆ ರದ್ದಿಗೆ ಹೋಗುತ್ತದೆ, ಕಾರ್ಗೊವನ್ನು ಅರ್ಧಕ್ಕೆ ಇಳಿಸುವುದೂ ಉಂಟು. ಆ ಸುದ್ದಿ ಎಲ್ಲರಿಗೂ ಒಂದೇ ಹೊತ್ತಿಗೆ ಮುಟ್ಟುವುದಿಲ್ಲ. 1997ರ ಆಗಸ್ಟ್ 7ರಂದು ಮಿಯಾಮಿಯಲ್ಲಿ ಫೈನ್ ಏರ್ ಸಂಸ್ಥೆಯ ಡಿಸಿ-8 ಸರಕು ವಿಮಾನ ಹಾರಿದ ಕೂಡಲೇ ಬಿದ್ದು, ನೆಲದ ಮೇಲಿದ್ದ ಒಬ್ಬರು ಸೇರಿ ಐವರು ಸತ್ತರು. ಹೊರಡಬೇಕಿದ್ದ ವಿಮಾನವನ್ನು ಬದಲಿಸಿದ ವಿಷಯ ತುಂಬುವವರಿಗೆ ಸರಿಯಾಗಿ ಮುಟ್ಟದೆ, ಬೇರೆ ವಿಮಾನಕ್ಕೆ ಮಾಡಿದ ಲೆಕ್ಕದಂತೆ ಸರಕು ತುಂಬಿ, ಭಾರ ಹಿಂದಕ್ಕೆ ಸರಿದಿತ್ತು. ಪೈಲಟ್‌ಗಳ ಕೈಯಲ್ಲಿದ್ದ ಕಾಗದ ಒಂದು ಹೇಳುತ್ತಿತ್ತು, ಅವರ ಬೆನ್ನ ಹಿಂದಿನ ಹೋಲ್ಡ್ ಇನ್ನೊಂದು. ನಿಮ್ಮ ಪುಟ್ಟ ಬಾಕ್ಸಿಗೂ ಆ ದುರಂತಕ್ಕೂ ಪರಿಣಾಮದಲ್ಲಿ ಹೋಲಿಕೆ ಇಲ್ಲ, ಬೇರು ಮಾತ್ರ ಒಂದೇ.

ಈಗ ನಿಮ್ಮ ಸ್ಟಿಕ್ಕರ್. ‘ಅರ್ಜೆಂಟ್, ಲೈಫ್ ಸೇವಿಂಗ್’ ಎಂಬ ಬರಹ ಬಾಕ್ಸನ್ನು ಕಣ್ಣಾರೆ ನೋಡಿದವರಿಗೆ ಮಾತ್ರ ಮಾತಾಡುತ್ತದೆ. ಲೋಡ್ ಕಂಟ್ರೋಲರ್, ಕ್ಯಾಪ್ಟನ್, ಬೆಂಗಳೂರಿನ ಮೇಲ್ವಿಚಾರಕ, ಈ ಮೂವರೂ ಬಾಕ್ಸನ್ನು ನೋಡುವುದಿಲ್ಲ, ಪರದೆಯನ್ನು ನೋಡುತ್ತಾರೆ. ಪರದೆಯಲ್ಲಿ ಓಡಾಡುವುದು ಮೂರಕ್ಷರದ ವಿಶೇಷ ಕೋಡ್‌ಗಳು. ಕಸಿಗೆ ಹೋಗುವ ಜೀವಂತ ಮಾನವ ಅಂಗಾಂಶ ಮತ್ತು ರಕ್ತಕ್ಕೆ ಇರುವ ಕೋಡ್ ಎಲ್‌ಎಚ್‌ಒ. 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ್ದಕ್ಕೆ ಸಿಒಎಲ್. ಜೀವಂತ ಪ್ರಾಣಿಗೆ ಎವಿಐ, ಡ್ರೈ ಐಸ್‌ಗೆ ಐಸಿಇ. ನಿಮ್ಮ ಏಜೆಂಟ್ ಅವಸರದಲ್ಲಿ ‘ಮೆಡಿಕಲ್ ಸಾಮಗ್ರಿ’ ಎಂದು ಬರೆದು ಸಾಮಾನ್ಯ ಸರಕಾಗಿ ಬುಕ್ ಮಾಡಿದ್ದರೆ ಬ್ಯಾಂಡೇಜ್ ಬಾಕ್ಸಿಗೂ ನಿಮ್ಮ ಬಾಕ್ಸಿಗೂ ಪರದೆಯಲ್ಲಿ ವ್ಯತ್ಯಾಸವೇ ಇರುವುದಿಲ್ಲ. ಬಹಳ ಕಡೆ ಹೀಗೆಯೇ ಬುಕ್ ಆಗುತ್ತಿದೆ ಎಂಬುದು ನನ್ನ ದೊಡ್ಡ ಆತಂಕ.

ಬರಹದ ತಪ್ಪು ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ 1996ರ ಮೇ 11ರ ವ್ಯಾಲ್ಯುಜೆಟ್ 592 ದುರಂತ ಸಾಕ್ಷಿ. ಅವಧಿ ಮುಗಿದ ರಾಸಾಯನಿಕ ಆಕ್ಸಿಜನ್ ಜನರೇಟರ್‌ಗಳಿದ್ದ ಪೆಟ್ಟಿಗೆಗಳ ಕಾಗದದಲ್ಲಿ ‘ಖಾಲಿ’ ಎಂದಿತ್ತು. ಅವು ಖಾಲಿ ಇರಲಿಲ್ಲ. ನೆಲದ ಸಿಬ್ಬಂದಿ ಮತ್ತು ಪೈಲಟ್‌ಗಳು ಆ ಮಾತನ್ನು ನಂಬಿ ಮುಂದಿನ ಹೋಲ್ಡಿಗೆ ಹಾಕಿಸಿದರು. ಅಲ್ಲಿ ಹೊತ್ತಿದ ಬೆಂಕಿಗೆ ವಿಮಾನದಲ್ಲಿದ್ದ 110 ಜನರೂ ಬಲಿಯಾದರು.

ನಿಮ್ಮ ಏರ್‌ವೇ ಬಿಲ್ಲಿನಲ್ಲಿ ಸರಕಿನ ವಿವರಣೆಯ ಜಾಗದಲ್ಲಿ ಹೀಗೆ ಇರಲಿ: ‘ಹ್ಯೂಮನ್ ಕಾರ್ನಿಯಾ ಫಾರ್ ಟ್ರಾನ್ಸ್‌ಪ್ಲಾಂಟ್, ನಾಟ್ ರೆಸ್ಟ್ರಿಕ್ಟೆಡ್’. ನಾಟ್ ರೆಸ್ಟ್ರಿಕ್ಟೆಡ್ ಎಂದರೆ ಅಪಾಯಕಾರಿ ಸರಕಲ್ಲ ಎಂದು. ಅದಿಲ್ಲದಿದ್ದರೆ ಕೌಂಟರಿನಲ್ಲಿ ಅರ್ಧ ಗಂಟೆ ವಾದಕ್ಕೇ ಹೋಗುತ್ತದೆ. ಹ್ಯಾಂಡ್ಲಿಂಗ್ ಮಾಹಿತಿಯ ಜಾಗದಲ್ಲಿ ಎಲ್‌ಎಚ್‌ಒ, ಸಿಒಎಲ್ ಎರಡೂ ಕೋಡ್‌ಗಳು, ‘2ರಿಂದ 8 ಡಿಗ್ರಿ, ಡು ನಾಟ್ ಫ್ರೀಝ್’, ಟ್ರಾನ್ಸ್‌ಫರ್ ಆಗಬೇಕಾದ ನಿಲ್ದಾಣ, ಹಗಲು ರಾತ್ರಿ ಎತ್ತುವ ಎರಡು ಫೋನ್ ನಂಬರ್. ನಿಲ್ದಾಣದ ಕೋಡ್ ಎರಡು ಸಲ ಓದಿ. ಮಂಗಳೂರು ಐಎಕ್ಸ್‌ಇ, ಬೆಳಗಾವಿ ಐಎಕ್ಸ್‌ಜಿ, ಮದುರೈ ಐಎಕ್ಸ್‌ಎಂ. ಒಂದಕ್ಷರ ತಪ್ಪಿದರೆ ಊರೇ ಬದಲು. ಬಾಕ್ಸಿನೊಳಗೆ ದಾನಿಯ ರಕ್ತದ ಮಾದರಿ ಇದ್ದರೆ ಅದನ್ನು ಮುಚ್ಚಿಡಬೇಡಿ. ಅದಕ್ಕೆ ಮೂರು ಪದರದ ಪ್ಯಾಕಿಂಗ್ ಮತ್ತು ಅದರದೇ ಗುರುತು ಬೇಕು. ಸ್ಕ್ರೀನಿಂಗಿನಲ್ಲಿ ಘೋಷಿಸದ ಟ್ಯೂಬ್ ಕಂಡರೆ ಇಡೀ ಬಾಕ್ಸ್ ನಿಲ್ಲುತ್ತದೆ.

ಡ್ರೈ ಐಸ್ ಸಲಹೆಯನ್ನು ದಯವಿಟ್ಟು ಕೈಬಿಡಿ. ಅದನ್ನು ಹಾಕಿದರೆ ನೋಟಾಕ್‌ನಲ್ಲಿ ಬರುತ್ತದೆ ಎಂಬುದು ಸರಿ. ಯುಎನ್ 1845, 9ನೇ ವರ್ಗದ ಅಪಾಯಕಾರಿ ಸರಕು ಅದು. ಆದರೆ ಅದರ ತಾಪಮಾನ ಮೈನಸ್ 78.5 ಡಿಗ್ರಿ. ಕಾರ್ನಿಯಾ ಹೆಪ್ಪುಗಟ್ಟಿದರೆ ಒಳಪದರದ ಎಂಡೊಥೀಲಿಯಂ ಕೋಶಗಳು ಸಾಯುತ್ತವೆ, ಅವು ಮತ್ತೆ ಬೆಳೆಯುವುದಿಲ್ಲ. ತಡವಾಗಿ ತಲುಪಿದ ಕಾರ್ನಿಯಾ ಉಪಯೋಗಕ್ಕೆ ಬರಬಹುದು, ಹೀಗೆ ಹೆಪ್ಪುಗಟ್ಟಿದ್ದನ್ನು ದೃಷ್ಟಿ ಕೊಡುವ ಕಸಿಗೆ ಬಳಸಲಾಗದು. ಜೊತೆಗೆ 1 ಕೆ.ಜಿ. ಡ್ರೈ ಐಸ್ ಆವಿಯಾದರೆ ಸುಮಾರು 500 ಲೀಟರಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅದಕ್ಕಾಗಿಯೇ ಪ್ರತಿ ಹೋಲ್ಡಿಗೂ ಸಂಸ್ಥೆಗಳು ಮಿತಿ ಹಾಕಿರುತ್ತವೆ, ಅದೇ ಹೋಲ್ಡಿನಲ್ಲಿ ನಾಯಿಯೊಂದು ಬುಕ್ ಆಗಿದ್ದರೆ ಒಂದನ್ನು ಬಿಟ್ಟುಹೋಗಬೇಕಾಗಬಹುದು. ಮಾಹಿತಿ ತಲುಪಲಿ ಎಂದು ಸರಕಿಗೆ ಅಪಾಯ ಸೇರಿಸುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

11 ಡಿಗ್ರಿಯ ವಿಚಾರ. ವಿಮಾನದ ಹೋಲ್ಡಿನಲ್ಲಿ ಮೈನಸ್ 50 ಡಿಗ್ರಿ ಚಳಿ ಇರುತ್ತದೆ, ಅಲ್ಲಿ ಒತ್ತಡ ಇರುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಅದು ಹೊರಗಿನ ಗಾಳಿಯ ಲೆಕ್ಕ. ಪ್ರಯಾಣಿಕ ವಿಮಾನದ ಹೋಲ್ಡ್ ಕ್ಯಾಬಿನ್ನಿನಷ್ಟೇ ಒತ್ತಡದಲ್ಲಿರುತ್ತದೆ. ಸಾಮಾನ್ಯವಾಗಿ ಬಾಕ್ಸ್ ಬಿಸಿಯಾಗುವುದು ನೆಲದ ಮೇಲೆ: ಬಿಸಿಲಿನಲ್ಲಿ ನಿಂತ ಟ್ರಾಲಿಯಲ್ಲಿ, ಮರುದಿನದ ವಿಮಾನಕ್ಕೆ ಕಾಯುವ ಶೆಡ್ಡಿನಲ್ಲಿ. ಲಾಗರ್‌ನ ಗ್ರಾಫನ್ನು ಹಾರಾಟದ ಸಮಯಗಳ ಪಕ್ಕ ಇಟ್ಟು ನೋಡಿ. ಏರಿಕೆ ಶುರುವಾದದ್ದು ಜೈಪುರದಲ್ಲಿ ಇಳಿದ ಮೇಲೆಯೋ, ಪ್ಯಾಕಿಂಗ್ ಆದ ಕೆಲವೇ ಗಂಟೆಗಳಲ್ಲೋ ಎಂಬುದು ತಿಳಿಯುತ್ತದೆ. ಎರಡನೆಯದಾದರೆ ಪ್ಯಾಕಿಂಗಿನದೇ ದೋಷ. ಮೈನಸ್ 20ರ ಫ್ರೀಜರಿನಿಂದ ತೆಗೆದ ಜೆಲ್ ಪ್ಯಾಕನ್ನು ನೇರವಾಗಿ ಕಾರ್ನಿಯಾ ಚೇಂಬರಿಗೆ ತಾಗಿಸಿ ಇಡಬಾರದು. ಮೇಲ್ಮೈ ಬೆವರಿ, ಅಲುಗಾಡಿಸಿದಾಗ ಒಳಗೆ ದ್ರವದ ಸದ್ದು ಬರುವವರೆಗೆ ಹೊರಗಿಟ್ಟು, ನಡುವೆ ರಟ್ಟು ಅಥವಾ ಫೋಮಿನ ಪದರ ಹಾಕಿ. 5 ಡಿಗ್ರಿಯ ಆಸುಪಾಸಿನಲ್ಲಿ ಕರಗುವ ವಿಶೇಷ ಪ್ಯಾಕ್‌ಗಳು ಸಿಕ್ಕರೆ ಇನ್ನೂ ಒಳ್ಳೆಯದು. ನೀರಿನ ಮಂಜುಗಡ್ಡೆ ಬಳಸುವುದಾದರೆ ಸೋರದ ಎರಡು ಚೀಲಗಳಲ್ಲಿ ಕಟ್ಟಿ, ಒದ್ದೆಯಾದ ಬಾಕ್ಸನ್ನು ಯಾವ ಸಂಸ್ಥೆಯೂ ತುಂಬಿಸುವುದಿಲ್ಲ. ಪ್ರಯಾಣ 12 ಗಂಟೆಯದು ಎಂದು 24 ಗಂಟೆಯ ಬಾಕ್ಸ್ ಸಾಕು ಅನ್ನಬೇಡಿ. ಸಂಪರ್ಕ ವಿಮಾನ ತಪ್ಪಿ ಒಂದು ರಾತ್ರಿ ಎಲ್ಲೋ ಕಳೆದರೂ ತಡೆಯುವಂತೆ, ಬೇಸಿಗೆಯ ತಾಪಮಾನದಲ್ಲಿ ಪರೀಕ್ಷಿಸಿದ 48 ಗಂಟೆಯ ಬಾಕ್ಸ್ ಬೇಕು. ಲಾಗರ್ ರೇಡಿಯೊ ಸಂಕೇತ ಕಳಿಸುವಂಥದ್ದಾದರೆ ವಿಮಾನ ಸಂಸ್ಥೆಯ ಒಪ್ಪಿಗೆ ಮೊದಲೇ ಪಡೆಯಿರಿ. ಆ ಎರಡು ಕಾರ್ನಿಯಾಗಳನ್ನು ಮರುಪರೀಕ್ಷಿಸಿ ಬಳಸಬಹುದೇ ಎಂಬುದನ್ನು ಕಣ್ಣಿನ ಬ್ಯಾಂಕಿನ ವೈದ್ಯಕೀಯ ನಿರ್ದೇಶಕರು ಮತ್ತು ಶಸ್ತ್ರವೈದ್ಯರು ನಿರ್ಧರಿಸಬೇಕು, ಅವರಿಗೆ ಆ ಗ್ರಾಫ್ ಪೂರ್ತಿಯಾಗಿ ಕೊಡಿ.

ಇನ್ನು ಯಾವ ದಾರಿ ಹಿಡಿಯಬೇಕು ಎಂಬ ಪ್ರಶ್ನೆ. ಹೃದಯಕ್ಕೆ 4ರಿಂದ 6 ಗಂಟೆಯಷ್ಟೇ ಅವಕಾಶ, ಹಾಗಾಗಿ ಅದು ವೈದ್ಯರ ತಂಡದ ಜೊತೆ ಕ್ಯಾಬಿನ್ನಿನಲ್ಲೇ ಹೋಗುತ್ತದೆ. 2014ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದ ಚೆನ್ನೈಗೆ ಹೃದಯ ಹೋದದ್ದು ಹೀಗೆಯೇ. ಅಂಗಾಂಗ ಸಾಗಣೆಗೆ ಕೇಂದ್ರ ಆರೋಗ್ಯ ಸಚಿವಾಲಯ 2024ರ ಆಗಸ್ಟಿನಲ್ಲಿ ಕಾರ್ಯವಿಧಾನ ಹೊರಡಿಸಿತು. ಆದ್ಯತೆಯ ಟೇಕಾಫ್ ಮತ್ತು ಲ್ಯಾಂಡಿಂಗ್, ಮುಂದಿನ ಸಾಲಿನ ಸೀಟು, ತಡವಾದ ಚೆಕ್-ಇನ್‌ಗೆ ಅವಕಾಶ ಇವೆಲ್ಲ ಅದರಲ್ಲಿವೆ. ನಿಮ್ಮ ಕಾರ್ನಿಯಾದ ಸ್ಥಿತಿ ಬೇರೆ. ಎಂಕೆ ಎಂಬ ಸಂರಕ್ಷಕ ದ್ರವ ಮಾಧ್ಯಮದಲ್ಲಿ ಇಟ್ಟರೆ 4 ದಿನ, ಆಪ್ಟಿಸಾಲ್‌ನಂಥ ಮಾಧ್ಯಮದಲ್ಲಿ 14 ದಿನ ಇಡಬಹುದು. ಗಂಟೆಗಳ ಗಡಿಬಿಡಿ ಇಲ್ಲದಿರುವುದರಿಂದ ಹೆಚ್ಚಿನ ಸಲ ಕಾರ್ಗೊ ಸಾಕು, ಆದರೆ ಸರಿಯಾಗಿ ಬುಕ್ ಆದ ಕಾರ್ಗೊ. ಎಂಕೆ ಮಾಧ್ಯಮದ ಮೂರನೇ ದಿನದಲ್ಲಿದ್ದರೆ, ಅಥವಾ ರಂಧ್ರ ಬಿದ್ದ ಕಣ್ಣಿಗೆ ತುರ್ತಾಗಿ ಬೇಕಾಗಿದ್ದರೆ, ಜನ ಹೊತ್ತೊಯ್ಯುವುದೇ ಸರಿ. ಆಗ ವಿಮಾನ ಸಂಸ್ಥೆಗೂ ನಿಲ್ದಾಣದ ಭದ್ರತೆಯವರಿಗೂ ಮೊದಲೇ ಬರೆದು ತಿಳಿಸಿ, ಕಣ್ಣಿನ ಬ್ಯಾಂಕಿನ ಪತ್ರ, ಕಳಿಸುವ ಮತ್ತು ಪಡೆಯುವ ಎರಡೂ ಕಡೆಯ ನೋಂದಣಿಯ ಪ್ರತಿ, ಹೊತ್ತೊಯ್ಯುವವರ ಗುರುತಿನ ಚೀಟಿ ಜೊತೆಗಿರಲಿ. ಬಾಕ್ಸ್ ಸೀಟಿನ ಕೆಳಗೆ ಹಿಡಿಸುವ ಅಳತೆಯದ್ದಾಗಿರಬೇಕು, ಇಲ್ಲದಿದ್ದರೆ ಗೇಟಿನಲ್ಲಿ ಕಿತ್ತುಕೊಂಡು ಹೋಲ್ಡಿಗೆ ಹಾಕಿಬಿಡುತ್ತಾರೆ, ಆಗ ಅದಕ್ಕೆ ಏರ್‌ವೇ ಬಿಲ್ಲೂ ಇಲ್ಲ, ಕೋಡೂ ಇಲ್ಲ. ಎಕ್ಸ್‌ರೇಗೆ ಅಂಜಬೇಡಿ. ನಿಲ್ದಾಣದ ಯಂತ್ರದ ವಿಕಿರಣ ಬಲು ಕಡಿಮೆ. ಭದ್ರತಾ ತಪಾಸಣೆಯಲ್ಲಿ ಸೀಲ್ ಒಡೆದು ಬಾಕ್ಸನ್ನು ಪದೇ ಪದೇ ತೆರೆಯುವುದೇ ಹೆಚ್ಚಿನ ಹಾನಿ. ಪೈಲಟ್ ಪರಿಚಯದವರು, ಅವರ ಕೈಗೇ ಕೊಟ್ಟರಾಯಿತು ಎಂದು ಕೆಲವರು ಹೇಳುತ್ತಾರೆ. ಅದು ಭದ್ರತಾ ನಿಯಮಕ್ಕೆ ವಿರುದ್ಧ, ಬಾಕ್ಸ್ ಕಳೆದರೆ ಕೇಳುವ ಹಕ್ಕೂ ಇರುವುದಿಲ್ಲ.

ಇನ್ನೊಂದು ದಾರಿ ಇದೆ, ನನಗೆ ಇಷ್ಟವಾದದ್ದು. ಟ್ರಾನ್ಸ್‌ಫರ್ ತಪ್ಪಿಸಿ. ಬಾಕ್ಸನ್ನು ರಸ್ತೆಯಲ್ಲಿ ಬೆಂಗಳೂರಿಗೆ ಒಯ್ದು ಅಲ್ಲಿಂದ ನೇರ ವಿಮಾನಕ್ಕೆ ಕೊಡಿ. ಸುಮಾರು 350 ಕಿ.ಮೀ., ಒಂದು ರಾತ್ರಿಯ ಪ್ರಯಾಣ. ಸಮಯ ಹೆಚ್ಚು ಹಿಡಿಯುತ್ತದೆ, ಆದರೆ ಒಂದು ಇಳಿಸುವಿಕೆ, ಒಂದು ಎಲ್‌ಡಿಎಂ, ಒಂದು ಶೆಡ್ಡು ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಈ ಯೋಜನೆಯೂ ಕೈಕೊಡುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದನ್ನೇ ನಂಬಬೇಡಿ.

ಟ್ರಾನ್ಸ್‌ಫರ್ ಅನಿವಾರ್ಯವಾದ ದಿನ ನಿಮ್ಮ ಕೈಯಲ್ಲಿರುವ ಬೆಲೆಬಾಳುವ ಸಮಯ ಒಂದೇ: ವಿಮಾನ ಬೆಂಗಳೂರಿನಲ್ಲಿ ನಿಂತಿರುವ ಆ ಅರ್ಧ ಗಂಟೆ. ಅದರೊಳಗೆ ಯಾರಾದರೂ ‘ಬಾಕ್ಸ್ ಇಳಿದಿದೆಯೇ’ ಎಂದು ಕೇಳಿದರೆ ಅದು ಸಿಗುತ್ತದೆ. ಆಮೇಲೆ ಕೇಳಿದರೆ ಜೈಪುರ. ಆದ್ದರಿಂದ ಮಂಗಳೂರಿನಲ್ಲಿ ವಿಮಾನ ಹೊರಟ ಕೂಡಲೇ ಕಾರ್ಗೊ ಕಚೇರಿಯಿಂದ ಎರಡು ಉತ್ತರ ಪಡೆಯಿರಿ. ಬಾಕ್ಸ್ ಈ ವಿಮಾನಕ್ಕೆ ತುಂಬಿತೇ? ಯಾವ ಕಂಪಾರ್ಟ್‌ಮೆಂಟಿನಲ್ಲಿ? ‘ಮ್ಯಾನಿಫೆಸ್ಟ್ ಆಗಿದೆ’ ಎಂಬ ಉತ್ತರ ಸಾಲದು, ಅದು ಕಾಗದದ ಸ್ಥಿತಿ ಮಾತ್ರ. ಆ ಉತ್ತರವನ್ನು ಬೆಂಗಳೂರಿನ ಟ್ರಾನ್ಸ್‌ಫರ್ ಡೆಸ್ಕಿಗೆ, ವಿಮಾನ ಆಕಾಶದಲ್ಲಿ ಇರುವಾಗಲೇ, ಫೋನಿನಲ್ಲಿ ಹೇಳಿ ಮೆಸೇಜಿನಲ್ಲೂ ಕಳಿಸಿ: ಏರ್‌ವೇ ಬಿಲ್ ಸಂಖ್ಯೆ, ಹಾರಾಟದ ಸಂಖ್ಯೆ, ಕಂಪಾರ್ಟ್‌ಮೆಂಟ್, ಬಾಕ್ಸಿನ ಬಣ್ಣ ಮತ್ತು ಅಳತೆ, ಮುಂದಿನ ಹಾರಾಟ. ಬಿಳಿ ಥರ್ಮೋಕೋಲಿಗೆ ಸುತ್ತ ಕಡುಕಿತ್ತಳೆ ಟೇಪ್ ಸುತ್ತಿ, ಕತ್ತಲ ಹೋಲ್ಡಿನಲ್ಲಿ ಟಾರ್ಚಿಗೆ ಸಿಗುತ್ತದೆ. ಹೊರಡುವ ಮೊದಲೇ ನೋಟಾಕ್‌ನ ‘ಇತರ ವಿಶೇಷ ಲೋಡ್’ ಭಾಗದಲ್ಲಿ ಬರೆಯಿಸಿ ಎಂದು ಕೇಳಿ. ನಿರಾಕರಿಸಿದರೆ ಹಠ ಬೇಡ, ಎಲ್‌ಡಿಎಂನಲ್ಲಿ ಎಲ್‌ಎಚ್‌ಒ ಎಂದು ಬಂದಿದೆಯೇ ಎಂಬುದನ್ನು ಮಾತ್ರ ಬಿಡಬೇಡಿ.

ಟ್ರ್ಯಾಕಿಂಗಿನಲ್ಲಿ ಆರ್‌ಸಿಎಸ್ ಎಂದರೆ ನಿಮ್ಮಿಂದ ಸ್ವೀಕರಿಸಿದ್ದು, ಡಿಇಪಿ ಎಂದರೆ ಹೊರಟದ್ದು, ಎಆರ್‌ಆರ್ ಎಂದರೆ ವಿಮಾನ ಬಂದದ್ದು. ಎಆರ್‌ಆರ್ ನೋಡಿ ನಿಟ್ಟುಸಿರು ಬಿಡುವವರೇ ಹೆಚ್ಚು, ಆದರೆ ಅದು ಬಾಕ್ಸಿನ ವಿಷಯ ಹೇಳುವುದಿಲ್ಲ. ಬಾಕ್ಸನ್ನು ಶೆಡ್ಡಿನಲ್ಲಿ ಕೈಯಾರೆ ಎಣಿಸಿಕೊಂಡದ್ದಕ್ಕೆ ಆರ್‌ಸಿಎಫ್ ಎಂಬ ಕೋಡ್ ಇದೆ. ವಿಮಾನ ಇಳಿದ 20 ನಿಮಿಷದಲ್ಲಿ ಆರ್‌ಸಿಎಫ್ ಬಾರದಿದ್ದರೆ ಕಾಯಬೇಡಿ, ಫೋನ್ ಮಾಡಿ, ಹೋಲ್ಡ್ ಇನ್ನೊಮ್ಮೆ ನೋಡಲು ಹೇಳಿ. ಶೆಡ್ಡಿಗೆ ಬಂದೂ ಪರದೆಯಲ್ಲಿ ಏರಿಸುವುದು ತಡವಾಗಿರಬಹುದು, ಆದರೂ ಕೇಳಿದ್ದರಿಂದ ನಷ್ಟವೇನಿಲ್ಲ.

ಹಿಂದಿನ ಪ್ರಕರಣಕ್ಕೆ ಪರಿಹಾರ ಕೇಳುವುದಾದರೆ ಗಡುವು ಮೀರದಂತೆ ಬರೆದುಕೊಡಿ. ದೇಶದೊಳಗಿನ ಸರಕಿಗೆ ಗಡುವು ಏರ್‌ವೇ ಬಿಲ್ಲಿನ ಷರತ್ತಿನಲ್ಲಿ ಇರುತ್ತದೆ. ಅಂತರರಾಷ್ಟ್ರೀಯ ಸರಕಿಗೆ ಮಾಂಟ್ರಿಯಲ್ ಒಪ್ಪಂದದಂತೆ ಹಾನಿಗೆ 14 ದಿನ, ವಿಳಂಬಕ್ಕೆ 21 ದಿನ. ಪರಿಹಾರದ ಮಿತಿ ತೂಕದ ಲೆಕ್ಕದಲ್ಲಿ ಇರುವುದರಿಂದ 4 ಕೆ.ಜಿ.ಗೆ ಸಿಗುವ ಹಣ ಅತ್ಯಲ್ಪ. ಹಣಕ್ಕಿಂತ ಹೆಚ್ಚಾಗಿ ಮೂರು ದಾಖಲೆಗಳ ಪ್ರತಿ ಕೇಳಿ: ಮಂಗಳೂರಿನಲ್ಲಿ ಸಹಿಯಾದ ಲೋಡಿಂಗ್ ಇನ್‌ಸ್ಟ್ರಕ್ಷನ್, ಬೆಂಗಳೂರಿಗೆ ಹೋದ ಎಲ್‌ಡಿಎಂ, ನಿಮ್ಮ ಏರ್‌ವೇ ಬಿಲ್ಲಿನ ಸ್ಥಿತಿಗಳ ಪೂರ್ತಿ ಇತಿಹಾಸ. ಮೊದಲನೆಯದರಲ್ಲಿ ಬಾಕ್ಸ್ ಇದ್ದು ಎರಡನೆಯದರಲ್ಲಿ ಇಲ್ಲದಿದ್ದರೆ ಲೋಪ ಲೋಡ್ ಕಂಟ್ರೋಲ್‌ನದು. ಎರಡರಲ್ಲೂ ಇದ್ದರೆ ಬೆಂಗಳೂರಿನ ಇಳಿಸುವ ತಂಡದ್ದು. ಎರಡರಲ್ಲೂ ಇಲ್ಲದಿದ್ದರೆ ಬುಕಿಂಗಿನಲ್ಲಿ ಯಾವ ಕೋಡ್ ಹಾಕಿದ್ದರು ಎಂದು ಮೊದಲು ನಿಮ್ಮ ಏಜೆಂಟರನ್ನೇ ಕೇಳಿ.